ಎರಡು ತೊಗರಿ ಕಾಳಿನ ವಜ್ರ

ಕಲ್ಲಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಶಹಾಬಾದಿನವರು ಕಲ್ಲನ್ನು ಹಾಳೆ ಹಾಳೆಯಾಗಿ ಎಬ್ಬಿಸಿ ಕಂಡ ಕಂಡ ಊರಿನ ಅಡುಗೆಮನೆಗೆಲ್ಲ ಫರಸಿ ಹಾಸಿದರು. ವಾಡಿಯವರು, ಸೇಡಮಿನವರು ಸುಣ್ಣದ ಕಲ್ಲನ್ನು ಸುಟ್ಟು ಸಿಮೆಂಟು ಮಾಡಿ ಚೀಲಕ್ಕೆ ತುಂಬಿದರು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ, ಕನಗನಹಳ್ಳಿಯಲ್ಲಿ, ಅಶೋಕ ಚಕ್ರವರ್ತಿ ರಾಣಿಯ ಸಮೇತ ಕಲ್ಲಿನಲ್ಲೇ ನಿಂತಿದ್ದಾನೆ. ಗುರುತು ತಪ್ಪದಿರಲೆಂದು ಹೆಸರನ್ನೂ ಕೊರೆದಿಟ್ಟಿದ್ದಾರೆ. ಚಿಂಚೋಳಿಯವರು ತಮ್ಮಲ್ಲಿ ಕಾಡಿದೆ ಎಂದು ಬೀಗುತ್ತಾರೆ, ಆದರೆ ಆ ಕಾಡಿನಲ್ಲೂ ಎಡವಿದರೆ ಕಾಲಿಗೆ ಸಿಗುವುದು ಕಲ್ಲೇ. ಇಷ್ಟೆಲ್ಲ ಕಲ್ಲು ಕಂಡ ಜನ, ಬೆರಳ ಮೇಲೆ ಕೂರುವ ಒಂದು ಚೂರು ಕಲ್ಲಿನ ಮುಂದೆ ಈಗ ತಲೆ ಕೆರೆದುಕೊಂಡು ನಿಂತಿದ್ದಾರೆ.

ಇದಕ್ಕೆಲ್ಲ ಕಾರಣ ಫೋನು. 2025ರ ಆಗಸ್ಟಿನಲ್ಲಿ, ಸುಮಾರು ಎರಡು ವಾರದ ಅಂತರದಲ್ಲಿ, ಎರಡು ಉಂಗುರಗಳು ಜಗತ್ತನ್ನು ಸುತ್ತಿ ನಮ್ಮೂರಿಗೂ ಬಂದವು. ಮೊದಲನೆಯದು ಫುಟ್‌ಬಾಲ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ ತನ್ನ ಬಹುಕಾಲದ ಸಂಗಾತಿ ಜಾರ್ಜಿನಾ ರೊಡ್ರಿಗೆಸ್‌ಗೆ ಕೊಟ್ಟದ್ದು. ಫೋಟೊದಲ್ಲಿ ಕಲ್ಲು ಎಷ್ಟು ದೊಡ್ಡದಾಗಿತ್ತೆಂದರೆ ಬೆರಳನ್ನು ಹುಡುಕಬೇಕಾಯಿತು. ಸುದ್ದಿ ಕೇಳಿದ ನಮ್ಮಕ್ಕ, “ಮಕ್ಕಳು ಸಾಲಿಗಿ ಹೋಗ್ಲತ್ತಾವ, ಈಗ ಉಂಗುರಾ?” ಎಂದು ತೀರ್ಪು ಕೊಟ್ಟಳು. ಎರಡನೆಯದು ಗಾಯಕಿ ಟೇಲರ್ ಸ್ವಿಫ್ಟ್‌ಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಟ್ರಾವಿಸ್ ಕೆಲ್ಸಿ ತೊಡಿಸಿದ್ದು, ಹಳೆಯ ಕಾಲದ ಕೈಕೆತ್ತನೆಯ ಮಾದರಿಯ ವಜ್ರ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತ ನಿಂತ ಹುಡುಗರು ಕೂಡ ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಈ ರೋಗ ನಮ್ಮ ಮನೆಗೆ ಬಂದದ್ದು ಅಕ್ಕನ ಮಗನ ಮೂಲಕ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಹುಡುಗಿ ಚಿಂಚೋಳಿ ಕಡೆಯವಳು, ಅವಳ ಕೆಲಸವೂ ಬೆಂಗಳೂರಿನಲ್ಲೇ. ಇಬ್ಬರೂ ಒಪ್ಪಿ, ಎರಡೂ ಮನೆಯವರು ಒಪ್ಪಿ, ಮುಹೂರ್ತ ತೆಗೆಸಿ, ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟು, ಎಷ್ಟು ಮಂದಿಗೆ ಗೋಧಿ ಹುಗ್ಗಿ ಎಂದು ಅಡುಗೆಯವರಿಗೆ ಹೇಳಿಯೂ ಆಗಿತ್ತು. ಆಮೇಲೆ ಹುಡುಗ ಫೋನ್ ಮಾಡಿದ.

“ಮಾಮಾ, ನಾ ಆಕೀಗಿ ಪ್ರಪೋಸ್ ಮಾಡ್ಬೇಕಂತ ಮಾಡೀನಿ.”

“ಯಾರಿಗಿ?”

“ಆಕೀಗೇ ಮಾಮಾ, ಮತ್ಯಾರಿಗಿ?”

ಅಕ್ಕ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. “ಆಕಿ ಹೂಂ ಅಂದಾಳಂತೇ ಮಂಟಪಕ್ಕ ರೊಕ್ಕ ಕೊಟ್ಟೀವಿ. ಈಗ ಮತ್ತ ನೀ ಕೇಳಿ, ಆಕಿ ಒಲ್ಲೆ ಅಂದ್ರ, ಅಷ್ಟೂ ಹುಗ್ಗಿ ನೀ ಒಬ್ಬನೇ ಉಣ್ತೀಯೇನು?”

ಅಕ್ಕನ ಮಾತಿನಲ್ಲಿ ಈ ಸೀಮೆಯ ಶಾಸ್ತ್ರವೇ ಇದೆ. ನಮ್ಮಲ್ಲಿ ಉಂಗುರ ಬರುವುದು ಎಲ್ಲ ಮಾತು ಮುಗಿದ ಮೇಲೆ. ಹಿರಿಯರು ಕೂತು, ತೊಲಿಯ ಲೆಕ್ಕ ಹರಿದು, ಒಬ್ಬರಿಗೊಬ್ಬರು ಸಕ್ಕರೆ ಕೊಟ್ಟು, ಹುಡುಗಿಗೆ ಉಡಿ ತುಂಬಿ, ಕೊನೆಗೆ “ಹಾಂ, ಉಂಗುರಾ ಹಾಕಸ್ರಿ” ಎನ್ನುತ್ತಾರೆ. ಹುಡುಗನ ಪಾಲಿಗೆ ಉಳಿಯುವ ಕೆಲಸ ಅದನ್ನು ಬೆರಳಿನ ಗೆಣ್ಣು ದಾಟಿಸುವುದು ಒಂದೇ. ಅದನ್ನೂ ಫೋಟೊದವನು ಸುಮ್ಮನೆ ಬಿಡುವುದಿಲ್ಲ. “ಇನ್ನೊಮ್ಮೆ ತೆಗದು ಹಾಕ್ರಿ, ಇಲ್ಲಿ ನೋಡ್ರಿ” ಎಂದು ಮೂರು ಸಲ ನಿಶ್ಚಿತಾರ್ಥ ಮಾಡಿಸುತ್ತಾನೆ.

ಸಿನಿಮಾದವರ ರೀತಿ ಬೇರೆ ಎನ್ನಬಹುದು. ಅಲ್ಲೂ ಗುರುಹಿರಿಯರ ಕಾಟ ತಪ್ಪಿದ್ದಲ್ಲ. 2019ರ ಅಕ್ಟೋಬರಿನಲ್ಲಿ ಮೈಸೂರಿನ ಯುವ ದಸರಾ ವೇದಿಕೆಯ ಮೇಲೆ ರ್‍ಯಾಪರ್ ಚಂದನ್ ಶೆಟ್ಟಿ ನಿವೇದಿತಾ ಗೌಡ ಅವರಿಗೆ ಉಂಗುರ ತೊಡಿಸಿ ಪ್ರೇಮ ನಿವೇದನೆ ಮಾಡಿದಾಗ ಮೈದಾನ ಕೇಕೆ ಹಾಕಿತು. ಮರುದಿನ ರಾಜ್ಯವೇ ಗದರಿತು. ಸರ್ಕಾರದ ವೇದಿಕೆಯಲ್ಲಿ ಸ್ವಂತ ಕಾರ್ಯವೇ ಎಂಬುದು ತಕರಾರು. ಅವರು ಕ್ಷಮೆ ಕೇಳಿದರು. ಹೀಗೆ ಕರ್ನಾಟಕದಲ್ಲಿ ಹುಡುಗಿಯ ಅಪ್ಪ ಒಪ್ಪಿದರೆ ಸಾಲದು, ಜಿಲ್ಲಾ ಉಸ್ತುವಾರಿ ಸಚಿವರೂ ಒಪ್ಪಬೇಕೆಂದು ತಿಳಿದುಬಂತು.

ಮತ್ತೂ ಹಿಂದೆ ಹೋದರೆ, ನಮ್ಮವರು ಕಂಡ ಅತಿ ಪ್ರಸಿದ್ಧ ಉಂಗುರ ರಾಮನದು. ಅದನ್ನು ಸಮುದ್ರ ದಾಟಿಸಿ ಸೀತೆಗೆ ತಲುಪಿಸಿದವನು ಬ್ರಹ್ಮಚಾರಿ. ಅದೇ ಹನುಮಂತನಾದ, ಸೇಡಂ ತಾಲ್ಲೂಕಿನ ಮೋತಕಪಲ್ಲಿಯ ಬಲಭೀಮಸೇನನಿಗೆ ಹರಕೆ ಹೊರುವ ಮದುವೆ ವಯಸ್ಸಿನ ಹುಡುಗರು ಇದನ್ನು ಗಮನಿಸಬೇಕು. ಉಂಗುರದ ಕೆಲಸವನ್ನು ಸ್ವಂತ ಆಸೆಯಿಲ್ಲದ ದೊಡ್ಡವರ ಕೈಯಲ್ಲಿ ಕೊಟ್ಟರೆ ಕಾರ್ಯ ಕೆಡುವುದಿಲ್ಲ. ಆ ಲೆಕ್ಕದಲ್ಲಿ ಅಳಿಯ ನನ್ನನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇತ್ತು.

ಅವನು ಊರಿಗೆ ಬಂದ ಮೇಲೆ ಅಕ್ಕ, ನಾನು, ಅವನು ಮೂವರೂ ಸೇಡಮಿನ ಪತ್ತಾರರ ಬಂಗಾರದ ಅಂಗಡಿಗೆ ಹೋದೆವು. ಅವರ ತೂಕದ ಯಂತ್ರ ಗಾಜಿನ ಪೆಟ್ಟಿಗೆಯೊಳಗಿದೆ. ತೂಗುವ ಮುನ್ನ ಫ್ಯಾನ್ ಬಂದ್ ಮಾಡುತ್ತಾರೆ, ಇಲ್ಲದಿದ್ದರೆ ಕೊನೆಯ ಅಂಕಿ ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳ ಸೇಡಮಿನಲ್ಲಿ ಫ್ಯಾನ್ ಬಂದಾದ ಮೇಲೆ ಚೌಕಾಸಿ ಹೆಚ್ಚು ಹೊತ್ತು ನಡೆಯುವುದಿಲ್ಲ. ಗಿರಾಕಿ ಬೆವರು ಒರೆಸುತ್ತ ಒಪ್ಪಿಕೊಳ್ಳುತ್ತಾನೆ.

“ಎಷ್ಟು ದೊಡ್ಡದ್ರಿ?” ಎಂದರು ಪತ್ತಾರರು.

“ಒಂದ್ ಕ್ಯಾರಟ್,” ಎಂದ ಅಳಿಯ, ಫೋನಿನಲ್ಲಿ ಓದಿದ ಧೈರ್ಯದಿಂದ.

ಪತ್ತಾರರು ಪಕ್ಕದ ಕಿರಾಣಿ ಅಂಗಡಿಯಿಂದ ನಾಲ್ಕು ತೊಗರಿ ಕಾಳು ತರಿಸಿದರು. ಚಿಮಟದಲ್ಲಿ ಎರಡನ್ನು ಹಿಡಿದು ಯಂತ್ರದ ಮೇಲೆ ಇಟ್ಟರು. ಅಂಕಿ ಕುಣಿದು ಕುಣಿದು ಇನ್ನೂರು ಮಿಲಿಗ್ರಾಮಿನ ಆಸುಪಾಸು ನಿಂತಿತು. “ಒಂದ್ ಕ್ಯಾರಟ್ ಅಂದ್ರ ಬರೋಬ್ಬರಿ 200 ಮಿಲಿಗ್ರಾಂ. ಅಂದ್ರ ಎರಡು ತೊಗರಿ ಕಾಳು,” ಎಂದರು.

“ಇಷ್ಟಕ್ಕ ಎಷ್ಟ್ರಿ?” ಎಂದಳು ಅಕ್ಕ.

“ಗಣೀದು ಬೇಕಂದ್ರ ಲಕ್ಷದ ಮಾತು. ಕಾರ್ಖಾನ್ಯಾಗ ಬೆಳಸಿದ್ದು ಬೇಕಂದ್ರ ಅದರಾಗ ಸಣ್ಣ ಪಾಲು.”

“ಕಣ್ಣಿಗಿ ಫರಕ್ ಕಾಣ್ತದೇನು?”

“ನಿಮ್ಮ ಕಣ್ಣಿಗೂ ಕಾಣಲ್ಲ, ನನ್ನ ಕಣ್ಣಿಗೂ ಕಾಣಲ್ಲ. ಅದಕ್ಕ ಯಂತ್ರ ಬೇಕು.”

“ಮದಿವಿಗಿ ಬರೋರು ಯಂತ್ರ ತರಲ್ಲಲ್ಲಾ!”

ಅಂದಿನಿಂದ ಜಗತ್ತಿನ ಉಂಗುರಗಳನ್ನೆಲ್ಲ ನಾನು ತೊಗರಿಯಲ್ಲೇ ಅಳೆಯುತ್ತಿದ್ದೇನೆ. 1956ರಲ್ಲಿ ಮೊನಾಕೊದ ದೊರೆ ರೇನಿಯೆ ಹಾಲಿವುಡ್ ತಾರೆ ಗ್ರೇಸ್ ಕೆಲ್ಲಿಗೆ ಕೊಟ್ಟ ವಜ್ರ 10.47 ಕ್ಯಾರಟ್: ಇಪ್ಪತ್ತೊಂದು ಕಾಳು. 1981ರಲ್ಲಿ ಡಯಾನಾ ಬೆರಳೇರಿದ ಸಿಂಹಳದ ನೀಲಮಣಿ 12 ಕ್ಯಾರಟ್: ಇಪ್ಪತ್ನಾಲ್ಕು ಕಾಳು. ಎರಡೂ ಸೇರಿಸಿ ಬೇಯಿಸಿದರೆ ಒಬ್ಬರಿಗೂ ಸಾರಾಗದು. ನಮ್ಮ ಕಾಳಿಗೇನು ಕಡಿಮೆ ಮರ್ಯಾದೆ? ವಜ್ರಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟ್ ಇದ್ದರೆ ನಮ್ಮ ಕಲಬುರಗಿ ತೊಗರಿಗೆ 2019ರಿಂದ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ.

ವಜ್ರದ ಉಂಗುರ ಕೊಟ್ಟು ಹುಡುಗಿಯನ್ನು ಕೇಳುವ ಪದ್ಧತಿಗೆ 1477ರ ಮ್ಯಾಕ್ಸಿಮಿಲಿಯನ್ ರಾಜಕುಮಾರನನ್ನು ಸಾಕ್ಷಿಗೆ ಕರೆಯುತ್ತಾರೆ. ಆದರೆ ಸಾಮಾನ್ಯರ ಬೆರಳಿಗೆ ಅದನ್ನು ಹತ್ತಿಸಿದ್ದು ಡಿ ಬಿಯರ್ಸ್ ಕಂಪನಿಯ ಜಾಹೀರಾತು. ವಜ್ರ ಶಾಶ್ವತ ಎಂಬ ಅದರ ಘೋಷಣೆ ಹುಟ್ಟಿದ್ದು 1947ರಲ್ಲಿ. 1980ರ ದಶಕದ ಹೊತ್ತಿಗೆ ಎರಡು ತಿಂಗಳ ಪಗಾರ ಉಂಗುರಕ್ಕಿಡಿ ಎಂಬ ಉಪದೇಶವೂ ಬಂತು. ನಮ್ಮಲ್ಲಿ ಪಗಾರ ಯಾರಿಗಿದೆ? ಸಿಮೆಂಟ್ ಕಾರ್ಖಾನೆಯ ಕಾಯಂ ನೌಕರನಿಗೆ, ರೈಲ್ವೆಯವನಿಗೆ, ಮಾಸ್ತರಿಗೆ. ರೈತನಿಗೆ ಪುಷ್ಯ ಮಾಸದಲ್ಲಿ ರಾಶಿಯಾದರೆ ಉಂಟು. ಲೆಕ್ಕ ಹಾಕೋಣ: 2025ರಲ್ಲಿ ಹತ್ತು ಗ್ರಾಂ ಬಂಗಾರ ಲಕ್ಷ ರೂಪಾಯಿ ದಾಟಿತು. ಅದೇ ಸಾಲಿಗೆ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಹಾಗಾದರೆ ಹತ್ತು ಗ್ರಾಂ ಉಂಗುರ ಎಂದರೆ ಕಡಿಮೆಯೆಂದರೂ ಹನ್ನೆರಡೂವರೆ ಕ್ವಿಂಟಲ್ ತೊಗರಿ. ಅಷ್ಟನ್ನು ಬೆರಳಿಗೆ ಹಾಕಿಕೊಂಡ ಹುಡುಗಿ ಕೈ ಎತ್ತುವುದಾದರೂ ಹೇಗೆ?

ಡಿ ಬಿಯರ್ಸ್ ಘೋಷಣೆ ಹುಟ್ಟಿದ ಅದೇ 1947ರಲ್ಲಿ ಇನ್ನೆರಡು ಸಂಗತಿ ನಡೆದವು. ಇಂಗ್ಲೆಂಡಿನಲ್ಲಿ ಫಿಲಿಪ್ ಎಂಬ ನೌಕಾಪಡೆಯ ತರುಣ, ಮುಂದೆ ರಾಣಿಯಾಗಲಿದ್ದ ಎಲಿಜಬೆತ್‌ಗೆ ಉಂಗುರ ಕೊಟ್ಟ. ಆತನ ಬಳಿ ರೊಕ್ಕ ಅಷ್ಟಕ್ಕಷ್ಟೆ. ತಾಯಿಯ ಕಿರೀಟದ ವಜ್ರಗಳನ್ನು ಬಿಚ್ಚಿಸಿ ಮಾಡಿಸಿದ. ಇತ್ತ ಮದುವೆಯ ಉಡುಗೊರೆಯಾಗಿ, ಕಾರ್ಟಿಯೆ ಅಂಗಡಿಗೆ ಹೋಗಿ ಬೇಕಾದ ಒಡವೆ ಆರಿಸಿಕೋ ಎಂದು ಮದುಮಗಳಿಗೆ ಹೇಳಿ ಕಳಿಸಿದವರು ಹೈದರಾಬಾದಿನ ನಿಜಾಮರು. ಆಕೆ ವಜ್ರದ ಹಾರ ಮತ್ತು ಕಿರೀಟ ಆರಿಸಿಕೊಂಡಳು. ಆಗ ಸೇಡಂ, ಚಿತ್ತಾಪುರ, ಚಿಂಚೋಳಿಗಳು ನಿಜಾಮರ ರಾಜ್ಯದಲ್ಲೇ ಇದ್ದವು. ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಂದರೆ ಆ ಹಾರದಲ್ಲಿ ನಮ್ಮಜ್ಜಂದಿರ ಕಂದಾಯದ್ದೂ ಒಂದು ಹರಳು ಇರಲೇಬೇಕು. ಲಗ್ನಪತ್ರಿಕೆ ಮಾತ್ರ ಸೇಡಮಿಗೆ ಬರಲಿಲ್ಲ.

ನಿಜಾಮರ ಮನೆಯ ಇನ್ನೊಂದು ಕಲ್ಲಿನ ಕತೆ ಇನ್ನೂ ಸೊಗಸು. 184.75 ಕ್ಯಾರಟ್‌ನ ಜೇಕಬ್ ವಜ್ರವನ್ನು ಆರನೆಯ ನಿಜಾಮರು ಕೊಂಡರು. ಮುಂದೆ ಅದು ಅವರ ಬೂಟಿನ ತುದಿಯಲ್ಲಿ ಮಗನಿಗೆ ಸಿಕ್ಕಿತಂತೆ. ಮಗ, ಅಂದರೆ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನ್, ಅದನ್ನು ಕಾಗದ ಹಾರದಂತೆ ಒತ್ತಿಡಲು ಬಳಸಿದರು. ತೊಗರಿಯಲ್ಲಿ ಹೇಳುವುದಾದರೆ ಸುಮಾರು 370 ಕಾಳು, ಒಂದು ಮುಷ್ಟಿ. 1995ರಲ್ಲಿ ಭಾರತ ಸರ್ಕಾರ ನಿಜಾಮರ ಒಡವೆಗಳನ್ನು ಕೊಂಡಾಗ ಅದೂ ಸೇರಿಕೊಂಡಿತು. ವಜ್ರದ ಬಗ್ಗೆ ಇಷ್ಟು ನಿರ್ಲಿಪ್ತರಾದ ದೊರೆಗಳ ಪ್ರಜೆಗಳಾಗಿದ್ದ ನಮಗೆ ಒಂದು ಕ್ಯಾರಟ್‌ಗೆ ಬಾಯಿ ಬಿಡುವುದು ಶೋಭಿಸುವುದಿಲ್ಲ. ಹಾಗೆ ನೋಡಿದರೆ 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಜಗತ್ತಿಗೆ ವಜ್ರ ಕೊಟ್ಟದ್ದು ಹೆಚ್ಚಾಗಿ ನಮ್ಮ ದೇಶವೇ. ಮಳಖೇಡದ ಕೋಟೆ ಬಳಸಿ ಹರಿಯುವ ಕಾಗಿಣಾ ಭೀಮೆಗೆ ಸೇರುತ್ತದೆ, ಭೀಮೆ ಕೃಷ್ಣೆಗೆ, ಕೃಷ್ಣೆ ಆಂಧ್ರದ ಕೊಲ್ಲೂರಿನ ಹಳೆಯ ವಜ್ರದ ಗಣಿಗಳತ್ತ ಹೋಗುತ್ತಾಳೆ. ನಮ್ಮ ನೀರು ಅಲ್ಲಿಗೆ ಹೋಯಿತು, ಅಲ್ಲಿಯ ಕಲ್ಲು ಮಾತ್ರ ಇಲ್ಲಿಗೆ ಬರಲಿಲ್ಲ.

ಇಷ್ಟು ಹೇಳಿದ ಮೇಲೂ ಅಳಿಯ ವಜ್ರ ಬಿಡಲಿಲ್ಲ. ಆಗ ಪತ್ತಾರರು ಕಟ್ಟಕಡೆಯ ಮಾತು ಹೇಳಿದರು: “ವಜ್ರದ್ದು ಮಾಡ್ಸಿದ್ರ 18 ಕ್ಯಾರಟ್ ಬಂಗಾರ ಆಗ್ಬೇಕ್ರಿ. 22 ಮೆತ್ತಗದ, ಕಲ್ಲು ಹಿಡಿಯಂಗಿಲ್ಲ. ನಾಳಿ ಬ್ಯಾಂಕಿನ್ಯಾಗ ಅಡವಿಟ್ರ ಬಂಗಾರದ ತೂಕಕ್ಕ ರೊಕ್ಕ ಕೊಡ್ತಾರ, ಕಲ್ಲಿಂದು ಹಿಡಿಯಲ್ಲ.”

ಅಕ್ಕ ಎದ್ದೇಬಿಟ್ಟಳು. ಮುಂಗಾರು ಬಿತ್ತನೆಗೆ ಬೀಜ ಗೊಬ್ಬರ ತರಲು ಬಂಗಾರ ಬ್ಯಾಂಕಿಗೆ ಹೋಗುವುದು, ರಾಶಿಯಾದ ಮೇಲೆ ಮನೆಗೆ ಬರುವುದು ಈ ಸೀಮೆಯ ವರ್ಷದ ತಿರುಗಾಟ. ತೂಕಕ್ಕೆ ಬಾರದ ಒಡವೆ ಆಕೆಯ ಲೆಕ್ಕದಲ್ಲಿ ಒಡವೆಯೇ ಅಲ್ಲ. ಮನೆಗೆ ಹೋಗಿ ನಮ್ಮವ್ವನ ಒಂದು ಜೊತೆ ಬುಗುಡಿ ತಂದು ಪತ್ತಾರರ ಮುಂದಿಟ್ಟಳು. “ಇದನ್ನ ಮುರಿಸಿ ಮಾಡ್ರಿ.” ಅಳಿಯ ಮುಖ ಕಿವುಚಿದ. ಹಳೇ ಬಂಗಾರದ ಉಂಗುರ ಕೊಟ್ಟು ಪ್ರಪೋಸ್ ಮಾಡಿದವರು ಯಾರಿದ್ದಾರೆ ಎಂಬುದು ಅವನ ಪ್ರಶ್ನೆ. ಫಿಲಿಪ್ ಇದ್ದಾನೆ ಎಂದೆ. ಡಯಾನಾಳ ಉಂಗುರವನ್ನು ಬೆನ್ನಚೀಲದಲ್ಲಿಟ್ಟುಕೊಂಡು ಕೀನ್ಯಾ ಸುತ್ತಿ, 2010ರಲ್ಲಿ ಕೇಟ್‌ಗೆ ಕೊಟ್ಟ ವಿಲಿಯಂ ಇದ್ದಾನೆ. ಅರಮನೆಯವರು ಅವ್ವನ ಪೆಟ್ಟಿಗೆ ತೆಗೆದರೆ ಪರಂಪರೆ, ನಾವು ತೆಗೆದರೆ ಜಿಪುಣತನವೇ?

ಉಳಿದದ್ದು ಅಳತೆ. ಹುಡುಗಿ ಮಲಗಿದಾಗ ಗುಟ್ಟಾಗಿ ದಾರ ಸುತ್ತಿ ಅಳತೆ ತೆಗೆಯಿರಿ ಎಂದು ಫೋನಿನ ಪಂಡಿತರು ಬರೆದಿದ್ದರು. ಚಿಂಚೋಳಿಯಲ್ಲಿ ಹಾಗೆ ಮಾಡಲು ಹೋದವನು ತಿರುಗಿ ಬರುವುದು ಕಷ್ಟ. ಅದಕ್ಕೇ ಅಳಿಯ ಹುಡುಗಿಯ ತಂಗಿಗೆ ಗುಟ್ಟಾಗಿ ಹೇಳಿದ, ತಂಗಿ ಅತ್ತಿಗೆಗೆ ಗುಟ್ಟಾಗಿ ಹೇಳಿದಳು, ಸಂಜೆಯೊಳಗೆ ಹುಡುಗಿಯೇ ಫೋನ್ ಮಾಡಿ, “ನಾನೇ ಬರ್ತೀನಿ, ದಾರ ಯಾಕ?” ಎಂದಳು. ಬಂದಳು. ಪತ್ತಾರರ ಅಳತೆ ಉಂಗುರಗಳ ಗೊಂಚಲಿನಲ್ಲಿ ಒಂದೊಂದೇ ಬೆರಳಿಗಿಟ್ಟು ನೋಡಿದಳು. ಮಧ್ಯಾಹ್ನದ ಬಿಸಿಲಿಗೆ ಬೆರಳು ಊದಿರುತ್ತದೆ, ಚಳಿಗಾಲದ ಅಳತೆ ಮೇ ತಿಂಗಳ ಮದುವೆಗೆ ಆಗಿಬರುವುದಿಲ್ಲ ಎಂದು ಪತ್ತಾರರು ಹೇಳಿದ್ದನ್ನು ಗಮನವಿಟ್ಟು ಕೇಳಿದಳು. ಅವಳಪ್ಪ ಕಾರ್ಖಾನೆಯಲ್ಲಿ ದುಡಿದವರು. ಯಂತ್ರದ ಹತ್ತಿರ ಉಂಗುರ ತೊಟ್ಟರೆ ಬೆರಳೇ ಹೋದೀತೆಂದು ಪಾಳಿಗೆ ಹೋಗುವಾಗ ತೆಗೆದು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ. ಅದಕ್ಕೇ ಅವಳಿಗೆ ಎತ್ತರದ ಕಲ್ಲು ಬೇಡ. ಸುಲಭಕ್ಕೆ ತೆಗೆಯಲು ಬರುವ, ಬಟ್ಟೆಗೆ ಸಿಕ್ಕಿಕೊಳ್ಳದ ಸಾದಾ ಉಂಗುರ ಬೇಕು. ಆರಿಸಿ, ತೂಗಿಸಿ, ಕೂಲಿಯಲ್ಲಿ ಇನ್ನೂರು ರೂಪಾಯಿ ಬಿಡಿಸಿ, ಚಹಾ ಕುಡಿದು ಹೋದಳು.

ಅಳಿಯ ಹಟ ಬಿಡದೆ ಚಂದ್ರಂಪಳ್ಳಿ ಜಲಾಶಯದ ಬಳಿ ಮಂಡಿಯೂರಿದ. ಮಧ್ಯಾಹ್ನದ ಎರಡು ಗಂಟೆ, ಕೆಳಗೆ ಕಾದ ಕಲ್ಲು. ಅವನು ಬರೆದು ತಂದ ಮಾತು ಅರ್ಧಕ್ಕೆ ಬರುವ ಮೊದಲೇ ಅವಳು, “ಮೊದಲ ಏಳು, ಮೊಣಕಾಲ್ ಸುಡ್ತಾವ” ಎಂದಳಂತೆ. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡ. ತಪ್ಪೇನೂ ಇಲ್ಲ, ಸಂಸಾರದಲ್ಲಿ ಮುಂದೆ ಸಿಗುವ ಒಪ್ಪಿಗೆಗಳೂ ಇದೇ ಧಾಟಿಯವು.

ಉಂಗುರ ಕೊಳ್ಳಲು ಹೊರಟವರಿಗೆ ನನ್ನ ಮಾತು ಇಷ್ಟೇ. ರೊನಾಲ್ಡೊ ಕೊಟ್ಟ ಉಂಗುರದ ಬೆಲೆ ಕೇಳಬೇಡಿ, ಉಂಗುರ ತೊಡುವವಳನ್ನು ಕೇಳಿ. ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಬಿಸಿಲಿನ ಹೊತ್ತಿನಲ್ಲಿ ಅಳತೆ ಕೊಡಿಸಿ. ಬಂಗಾರದ ಮೇಲೆ ಬಿಐಎಸ್ ಗುರುತು, 916 ಮತ್ತು ಅಕ್ಷರ-ಅಂಕಿ ಸೇರಿ ಆರು ಸ್ಥಾನದ ಹಾಲ್‌ಮಾರ್ಕ್ ಸಂಖ್ಯೆ ಇದೆಯೇ ನೋಡಿ, ಪಕ್ಕಾ ರಸೀದಿ ತೆಗೆದುಕೊಳ್ಳಿ. ಮೊಣಕಾಲೂರುವ ಆಸೆಯಿದ್ದರೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮಿಕ್ಕ ರೊಕ್ಕ ಬ್ಯಾಂಕಿನಲ್ಲಿರಲಿ. ಜೂನಿನಲ್ಲಿ ಬಿತ್ತನೆ ಇದೆ.