ಹತ್ತು ಗುಂಟೆ ಇದ್ದಿಲು

ಹಣೆಗೇರುವ ಭಾಗ್ಯ ಸಗಣಿಯ ಬೂದಿಗೆ. ಒಲೆಯ ಬೂದಿಗೆ ಬರೀ ಚಾಕರಿ. ತೆಂಗಿನ ನಾರಿನ ಜೊತೆಗೂಡಿ ಪಾತ್ರೆ ಬೆಳಗಬೇಕು, ಬದನೆ ಗಿಡದ ಮೇಲೆ ಎರಚಿಸಿಕೊಳ್ಳಬೇಕು, ಬಿತ್ತನೆಯ ಕಾಳಿನ ನಡುವೆ ಕೂತು ಹುಳುವನ್ನು ದೂರವಿಡಬೇಕು, ಮಾಗಿಯ ರಾತ್ರಿಯಲ್ಲಿ ಬೆಕ್ಕಿಗೆ ಹಾಸಿಗೆಯಾಗಬೇಕು. ಇಷ್ಟು ಸಾಲದೆಂದು ರಸಾಯನಶಾಸ್ತ್ರದವರು ಅದಕ್ಕೆ ಇನ್ನೊಂದು ಕೆಲಸ ಹಚ್ಚಿದ್ದಾರೆ: ಇದ್ದಿಲಿನ ಮೈಯಲ್ಲಿ ತೂತು ಕೊರೆಯುವುದು.

ನೀರು ಸೋಸುವ ಯಂತ್ರದೊಳಗಿನ ಕರಿ ಹರಳು ಹೆಚ್ಚಾಗಿ ತೆಂಗಿನ ಕರಟದ್ದೇ. ನಾವು ಕರಟವನ್ನು ಬಚ್ಚಲೊಲೆಗೆ ತುರುಕಿ, ಆಮೇಲೆ ಅದನ್ನೇ ಅಂಗಡಿಯಿಂದ ದುಡ್ಡು ಕೊಟ್ಟು ತರುತ್ತೇವೆ. ಬೆಲೆ ಇರುವುದು ಕರಟಕ್ಕಲ್ಲ, ತೂತಿಗೆ. ಚೆನ್ನಾಗಿ ತಯಾರಾದ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಹರಡಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ, ಅಂದರೆ ಹತ್ತಿರ ಹತ್ತಿರ ಹತ್ತು ಗುಂಟೆ. ನಾಲ್ಕು ಗ್ರಾಮಿಗೆ ಒಂದು ಎಕರೆ! ಇದನ್ನು ಹೇಳಿದಾಗ ನಮ್ಮ ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಪಹಣಿ ಯಾರ ಹೆಸರಲ್ಲಿದೆಯೋ?”

ಕಾರ್ಖಾನೆಗಳು ಈ ಜಮೀನನ್ನು ಉಗಿ ಹಾಯಿಸಿಯೋ, ಫಾಸ್ಫಾರಿಕ್ ಆಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಂಥ ಕೈ ಸುಡುವ ರಾಸಾಯನಿಕ ಬೆರೆಸಿಯೋ ಸಂಪಾದಿಸುತ್ತವೆ. ಬೂದಿಯಲ್ಲಿರುವುದು ಅದೇ ಪೊಟ್ಯಾಸಿಯಂ, ಕಾರ್ಬೊನೇಟಿನ ಸೌಮ್ಯ ರೂಪದಲ್ಲಿ. ಆದರೆ ಬೂದಿಗಳಲ್ಲೂ ಮೇಲುಕೀಳುಂಟು. ಬತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಪಾತ್ರೆ ಉಜ್ಜಲು ಸರಿ, ಈ ಕೆಲಸಕ್ಕೆ ಆಗದು. ಬಾಳೆ, ತೆಂಗಿನಕಾಯಿ ಸಿಪ್ಪೆ, ಕೋಕೋ ಕಾಯಿಯ ಸಿಪ್ಪೆ ಇವುಗಳ ಬೂದಿಯೇ ಬೇಕು. ಅದನ್ನು ನೀರಿಗೆ ಹಾಕಿ ಕಲಕಿ, ತಿಳಿ ಬಸಿದುಕೊಂಡರೆ ಬೆರಳಿಗೆ ಜಾರುವ ಕ್ಷಾರದ ನೀರು ಸಿಗುತ್ತದೆ. ಸುಶ್ರುತಸಂಹಿತೆಯ ಕ್ಷಾರದ ಪಾಕದಲ್ಲಿ ಇಂಥ ಬೂದಿನೀರನ್ನು 21 ಸಲ ಸೋಸಬೇಕು. ಅಷ್ಟು ತಾಳ್ಮೆಯ ಶಿಷ್ಯರು ಆಗ ಸಿಗುತ್ತಿದ್ದರು. ಅಸ್ಸಾಮಿನವರಂತೂ ಬಾಳೆಯ ಬೂದಿನೀರನ್ನು ‘ಕಲಾಖಾರ್’ ಎಂದು ಅಡುಗೆಗೇ ಹಾಕಿ ಉಣ್ಣುತ್ತಾರೆ.

ನಾವು ಉಣ್ಣಿಸಬೇಕಾದದ್ದು ಇದ್ದಿಲಿಗೆ. ನೆನೆಸಿ, ಒಣಗಿಸಿ, ಗಾಳಿಯಾಡದಂತೆ ಮುಚ್ಚಿ 700ರಿಂದ 900 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟರೆ ಕಾರ್ಬೊನೇಟು ಇಂಗಾಲವನ್ನು ಮೆಲ್ಲಗೆ ತಿನ್ನತೊಡಗುತ್ತದೆ. ತಿಂದದ್ದು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ. ಬಿಡುಗಡೆಯಾದ ಪೊಟ್ಯಾಸಿಯಂ ಆವಿಯಾಗಿ ಇಂಗಾಲದ ಪದರಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ. ಆರಿದ ಮೇಲೆ ತೊಳೆದರೆ ಬೂದಿಯ ಅಂಶ ಹೋಗುತ್ತದೆ, ಅದು ಕೊರೆದ ತೂತು ಉಳಿಯುತ್ತದೆ. ಮನೆ ಕಟ್ಟಿಕೊಟ್ಟು ತಾನು ಹೊರಗೆ ಮಲಗುವ ಗಾರೆ ಕೆಲಸದವನ ಹಾಗೆ.

ಹಾಗೆಂದು ಬಚ್ಚಲೊಲೆಯಲ್ಲಿ ಯಾರೂ ಸಾಹಸಕ್ಕಿಳಿಯಬಾರದು. ಹೊರಬೀಳುವ ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ದಯೆಯೂ ಇಲ್ಲ. ಮುಚ್ಚಳ ಸಡಿಲವಾಗಿ ಗಾಳಿ ಹೊಕ್ಕರೆ ಇದ್ದಿಲೂ ಉರಿದು, ಬೂದಿಗೆ ಬೂದಿ ಸೇರುತ್ತದೆ.

ಕಾರ್ಖಾನೆಯವರಿಗೆ ಬೂದಿ ಅಗ್ಗವಾಗಿ ಕಂಡರೂ ತಲೆನೋವು ಬೇರೆಯೇ ಇದೆ. ಡಬ್ಬಿಯಲ್ಲಿ ಬರುವ ರಾಸಾಯನಿಕ ಯಾವಾಗಲೂ ಒಂದೇ ತೆರ. ಬೂದಿಯೋ, ಈ ತೋಟದ್ದು ಒಂದು ನಮೂನೆ, ಆ ತೋಟದ್ದು ಇನ್ನೊಂದು. ಮಳೆಗೆ ನೆನೆದಿದ್ದರಂತೂ ಸತ್ವವೆಲ್ಲ ಆಗಲೇ ಮಣ್ಣುಪಾಲು. ಹಾಗಾಗಿ ಮೂಟೆ ಮೂಟೆಯನ್ನೂ ಪರೀಕ್ಷೆ ಮಾಡಿಯೇ ಕೆಲಸಕ್ಕೆ ತೆಗೆದುಕೊಳ್ಳಬೇಕು. ಬೆಕ್ಕು ಇಷ್ಟೆಲ್ಲ ವಿಚಾರಿಸುತ್ತಿರಲಿಲ್ಲ.