ಬೆಂಕಿಗೊಂದು ಕನ್ನಡಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಂಕಿಯನ್ನು ಯಾರೂ ನೋಡುತ್ತಿರಲಿಲ್ಲ. ಬೆಂಕಿಯೇ ನಮ್ಮನ್ನು ನೋಡಿಕೊಳ್ಳುತ್ತಿತ್ತು. ಬಚ್ಚಲ ಹಂಡೆಯ ಕೆಳಗೆ ಒಣಗಿದ ಅಡಿಕೆ ಸೋಗೆ ತಿನ್ನುತ್ತಾ ಅದರ ಪಾಡಿಗೆ ಅದು ಬಿದ್ದಿರುತ್ತಿತ್ತು. ಅದರ ಮುಖದರ್ಶನ ಮಾಡಲೇಬೇಕೆಂದರೆ ಊದುಗೊಳವೆ ಹಿಡಿದು ಬಗ್ಗಿ, ಎರಡು ಕಣ್ಣಲ್ಲೂ ನೀರು ಸುರಿಸಿ, ಸೀನಿ ಎದ್ದು ಬರಬೇಕು. ಅಂಥ ಮನೆಯಲ್ಲಿ ಹುಟ್ಟಿದವನು ಮುಂದೊಂದು ದಿನ ಬೆಂಕಿ ನೋಡುವುದಕ್ಕೆಂದೇ ಒಲೆಯ ಬಾಗಿಲಿಗೆ ಗಾಜು ಹಾಕಿಕೊಂಡು, ಅದನ್ನು ಒರೆಸಿ, ಒಡೆದು, ಮತ್ತೆ ಹಾಕುತ್ತಾ ನಡುವಯಸ್ಸು ಕಳೆಯುತ್ತಾನೆಂದು ಜಾತಕ ಬರೆದ ಜೋಯಿಸರು ಸೂಚನೆಯನ್ನೂ ಕೊಟ್ಟಿರಲಿಲ್ಲ.

ನಾವೀಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಈಶಾನ್ಯ ಮೂಲೆಯಲ್ಲಿ, ಸ್ಕ್ರ್ಯಾಂಟನ್ ಪಕ್ಕ. ಕೊಂಡದ್ದು ಹಳೇ ಮನೆ. ಅದರ ಜೊತೆಗೆ ಬಂದದ್ದು ಕಬ್ಬಿಣದ ಒಲೆ. ಈ ಸೀಮೆಯ ನೆಲದಡಿ ಸಿಗುವುದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು. ಕನ್ನಡ ಭಾಷೆ ‘ಕಲ್ಲು’ ಎಂದು ಮೊದಲೇ ಎಚ್ಚರಿಸಿತ್ತು, ನಾನೇ ಕಿವಿಗೊಡಲಿಲ್ಲ. ಇದಕ್ಕೆ ಕಾಗದ ಹೊತ್ತಿಸಿ ಹಿಡಿದರೆ ಕಾಗದ ಉರಿದು ಬೂದಿಯಾಗುತ್ತದೆ, ಕಲ್ಲು ತಣ್ಣಗೆ ಕೂತಿರುತ್ತದೆ. ಇಲ್ಲಿಯ ಜನವೂ ಇದನ್ನು ಮನೆಯೊಳಗೆ ಉರಿಯದ ಕಲ್ಲೆಂದೇ ಬಗೆದಿದ್ದರಂತೆ. ಕೊನೆಗೆ 1808ರ ಫೆಬ್ರವರಿ 11ರಂದು ವಿಲ್ಕ್ಸ್-ಬ್ಯಾರೆಯಲ್ಲಿ ಛತ್ರವಿಟ್ಟುಕೊಂಡಿದ್ದ ಜೆಸ್ಸಿ ಫೆಲ್ ಎಂಬಾತ ಕಬ್ಬಿಣದ ಸರಳಿನ ತಟ್ಟೆ ಮಾಡಿಸಿ, ಕೆಳಗಿನಿಂದ ಗಾಳಿ ಆಡುವಂತೆ ಇದ್ದಲು ಪೇರಿಸಿ, ಒಲೆಗೂಡಿನಲ್ಲಿ ಉರಿಸಿ ತೋರಿಸಿದ. ನಾನು ಮೊದಲ ಸಲ ಹೊತ್ತಿಸಿದ್ದು ಅದಾದ ಇನ್ನೂರು ಚಿಲ್ಲರೆ ವರ್ಷಗಳ ಮೇಲೆ. ಆದರೂ ನನಗೆ ಫೆಲ್‌ಗಿಂತ ಹೆಚ್ಚು ಹೊತ್ತು ಹಿಡಿದಿರಬೇಕು.

ಈ ಇದ್ದಲನ್ನು ಗಾತ್ರ ನೋಡಿ ಮಾರುತ್ತಾರೆ. ಹೆಸರುಗಳೋ, ದಿನಸಿ ಅಂಗಡಿಯವು: ಎಗ್, ನಟ್, ಪೀ, ರೈಸ್. ನಮ್ಮ ಒಲೆಗೆ ಬೇಕಾದದ್ದು ನಟ್. ಮೊದಲ ಚಳಿಗಾಲದಲ್ಲಿ ಅಂಗಡಿಯಿಂದ ಫೋನ್ ಮಾಡಿ, “ನಟ್ ಮುಗಿದಿದೆಯಂತೆ, ರೈಸ್ ಇದೆಯಂತೆ, ನಲವತ್ತು ಪೌಂಡಿನ ಚೀಲ, ತರಲಾ?” ಎಂದು ಕೇಳಿದೆ. “ಸೋನಾ ಮಸೂರಿಯಾದರೆ ಎರಡು ಚೀಲ ತನ್ನಿ” ಎಂದಳು ನನ್ನಾಕೆ.

ಆದರೆ ಹೊತ್ತಿಕೊಂಡ ಮೇಲೆ ಅದರ ಚೆಲುವೇ ಬೇರೆ. ಹೊಗೆಯಿಲ್ಲ, ಚಟಪಟವಿಲ್ಲ. ಕೆಂಡದ ಹಾಸಿನ ಮೇಲೆ ಗೇಣುದ್ದದ ನೀಲಿ ಜ್ವಾಲೆಗಳು ಕಾಲೇ ಊರದೆ ಓಡಾಡುತ್ತವೆ. ಸೌದೆ ಬೆಂಕಿಯದು ಯಕ್ಷಗಾನದ ರಾಕ್ಷಸ ವೇಷ. ಇದು ಸ್ತ್ರೀವೇಷದ ಒಯ್ಯಾರ. ಇದನ್ನು ನೋಡಲೆಂದೇ ಬಾಗಿಲಿಗೆ ಒಂದೂವರೆ ಗೇಣಿನ ಗಾಜು. ಆ ಗಾಜಿನಿಂದ ಮನೆ ಒಂದು ಡಿಗ್ರಿಯೂ ಹೆಚ್ಚು ಬೆಚ್ಚಗಾಗುವುದಿಲ್ಲವೆಂದು ನನ್ನಾಕೆ ವಾದಿಸುತ್ತಾಳೆ. ವಾದಿಸುವುದು ಮಾತ್ರ ಅದರ ಎದುರಿಗೇ ಕುರ್ಚಿ ಹಾಕಿಕೊಂಡು.

ಗಾಜಿನ ತೊಂದರೆಯೆಂದರೆ, ತೋರಿಸಬೇಕಾದ ಬೆಂಕಿಯೇ ಅದನ್ನು ಮುಚ್ಚುತ್ತದೆ. ಸೌದೆ ಒಲೆಯ ಗಾಜಿಗೆ ಮಸಿ ಹಿಡಿಯುತ್ತದೆ. ನಮ್ಮದಕ್ಕೆ ಬಿಳಿ ಬೂದಿ. ನಾಲ್ಕೇ ದಿನದಲ್ಲಿ ಒಲೆ ವಿಭೂತಿ ಬಳಿದುಕೊಂಡು ಧ್ಯಾನಕ್ಕೆ ಕೂತುಬಿಡುತ್ತದೆ. ಏನು ಮಾಡಲೆಂದು ಅಮ್ಮನನ್ನು ಕೇಳಿದೆ. ಲಾಟೀನಿನ ಗಾಜು ಒರೆಸುವ ವಿದ್ಯೆ ನನಗೆ ಕಲಿಸಿದವಳು ಅವಳೇ. ಕರೆಂಟು ಕೈಕೊಡುವ ಮಳೆಗಾಲದ ಸಂಜೆಗಳಲ್ಲಿ ಮನೆಯ ಅತಿ ಸಣ್ಣ ಕೈಗೆ ಆ ಕೆಲಸ ಬೀಳುತ್ತಿತ್ತು, ಏಕೆಂದರೆ ದೊಡ್ಡವರ ಕೈ ಗಾಜಿನ ಕುತ್ತಿಗೆಯೊಳಗೆ ಹೋಗುತ್ತಿರಲಿಲ್ಲ. ಹಳೇ ಪಂಚೆಯ ಚೂರು, ಒಂದು ಚಿಟಿಕೆ ಬೂದಿ, ಒಳಗೊಂದು ಹಾ ಎಂಬ ಉಸಿರು.

“ಬೂದಿ ಹಾಕಿ ತಿಕ್ಕು” ಎಂದಳು ಅಮ್ಮ.

ಬೂದಿಗೇನು ಬರ? ಒಲೆಯ ಕೆಳಗಿನ ತಟ್ಟೆಯಿಂದಲೇ ಒಂದು ಹಿಡಿ ತೆಗೆದು ಭಕ್ತಿಯಿಂದ ತಿಕ್ಕಿದೆ. ಬಿಳುಪು ಹೋಯಿತು, ಅದರ ಜಾಗದಲ್ಲಿ ಹತ್ತಾರು ಗೀರುಗಳು ಬಂದವು. “ನಾನು ಹೇಳಿದ್ದು ಸೌದೆ ಬೂದಿ” ಎಂದಳು ಅಮ್ಮ. “ಕಲ್ಲಿನ ಬೂದೀಲಿ ಕಲ್ಲಿರದೆ ಅವಲಕ್ಕಿ ಇರ್ತದೇನೋ?”

ಆಮೇಲೆ ಗೊತ್ತಾಯಿತು, ಒಲೆ ತಣ್ಣಗಿರುವಾಗ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಮುಗಿಯಿತು. ಮುಗಿಯದಿರುವುದು ಬೇಸಿಗೆಯ ಸೋಮಾರಿತನ. ಒಲೆ ಆರಿಸಿದ ಮೇಲೆ ಗಾಜಿನ ಬೂದಿಯನ್ನು ಹಾಗೇ ಬಿಟ್ಟೆ. ಇದ್ದಲ ಬೂದಿಯಲ್ಲಿ ಗಂಧಕದ ಅಂಶವಿರುತ್ತದೆ. ತೇವದ ಗಾಳಿ ತಾಗಿದರೆ ಅದು ಆಮ್ಲವಾಗಿ ಗಾಜನ್ನೇ ಸವೆಸುತ್ತದೆ. ಚಳಿಗಾಲಕ್ಕೆ ನೋಡುತ್ತೇನೆ, ಗಾಜಿಗೆ ಪೊರೆ ಬಂದಿತ್ತು. ಅಡುಗೆ ಸೋಡಾ ಕಲಸಿ ಹಚ್ಚಿದೆ. ಕಣ್ಣು ಹೋದ ಮೇಲೆ ಕಾಡಿಗೆ ಹಚ್ಚಿದಂತಾಯಿತು.

ಅದಕ್ಕೊಂದು ಮುಕ್ತಿ ಬೇಕಿತ್ತು. ಜನವರಿಯ ಒಂದು ರಾತ್ರಿ ನಾನೇ ಕೊಟ್ಟೆ. ವಿಪರೀತ ಚಳಿ ಎಂದು ಇದ್ದಲನ್ನು ಕೆಂಡದ ಮೇಲೆ ಗೋಪುರದಂತೆ ಸುರಿದು, ಬಾಗಿಲು ಹಾಕಿ, ಎದುರಿಗೆ ಕೂತೆ. ಒಳಗೆ ಕಗ್ಗತ್ತಲು. ಐದಾರು ನಿಮಿಷವಾಗಿರಬೇಕು, ಧಡ್ ಎಂದಿತು. ಒಲೆಯ ಬಾಗಿಲು ನಡುಗಿ, ಕಪಾಟಿನ ಗಣಪತಿ ಪಕ್ಕಕ್ಕೆ ತಿರುಗಿ ಕೂತ. ಗಾಜಿನ ಬಲ ಮೂಲೆಯಿಂದ ಎಡ ಮೂಲೆಗೆ ತುಂಗಾನದಿಯ ನಕ್ಷೆಯಂಥ ಬಿರುಕು.

ಮರುದಿನ ಬೆಂಕಿ ಆರಿದ ಮೇಲೆ ಪಕ್ಕದ ಮನೆಯ ಅಜ್ಜ ಬಂದು ನೋಡಿದರು. ಅವರ ಅಪ್ಪ ಗಣಿಗೆ ಇಳಿದವರು. ಇದ್ದಲ ವಿಷಯದಲ್ಲಿ ಅಜ್ಜನದು ಈ ಬೀದಿಯ ಸುಪ್ರೀಂ ಕೋರ್ಟು. ತೀರ್ಪು ಎರಡು ಭಾಗದಲ್ಲಿ ಬಂತು. ಒಂದು: ಹೊಸ ಇದ್ದಲು ಹಾಕುವಾಗ ಒಂದು ಮೂಲೆಯ ಕೆಂಡ ಕೆಂಪಗೆ ಕಾಣುತ್ತಿರಬೇಕು. ಪೂರ್ತಿ ಮುಚ್ಚಿದರೆ ಏಳುವ ಅನಿಲಕ್ಕೆ ಕಿಡಿ ಸಿಗದೆ, ಒಳಗೇ ತುಂಬಿಕೊಂಡು, ಆಮೇಲೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಎರಡು: “ಈ ಸ್ಕ್ರೂಗಳನ್ನು ಇಷ್ಟು ಬಿಗಿದ ಪುಣ್ಯಾತ್ಮ ಯಾರು?”

ಪುಣ್ಯಾತ್ಮ ನಾನೇ. ದಸರೆ ಹೊತ್ತಿಗೆ ಗಾಜಿನ ಸುತ್ತಲಿನ ನಾರುಪಟ್ಟಿ ಬದಲಿಸಿದಾಗ, ಕೆಲಸ ಗಟ್ಟಿಯಾಗಿರಲಿ ಎಂದು ಹಲ್ಲು ಕಚ್ಚಿ ತಿರುಗಿಸಿದ್ದೆ. ಕಾದ ಕಬ್ಬಿಣ ಹಿಗ್ಗುತ್ತದೆ, ಈ ಗಾಜು ಹಿಗ್ಗುವುದಿಲ್ಲ. ಇಬ್ಬರ ನಡುವೆ ಸಡಿಲು ಬೇಕು. ಮದುವೆಯಾಗಿ ಇಪ್ಪತ್ತು ವರ್ಷ ಆದವನಿಗೆ ಇದನ್ನು ಹೊರಗಿನವರು ಹೇಳಬೇಕಾಯಿತಲ್ಲ ಎಂಬಂತೆ ನನ್ನಾಕೆ ನೋಡಿದಳು.

ಹೊಸ ಗಾಜಿಗೆ ಹೊರಟೆ. ಒಂದು ಅಂಗಡಿಯಾತ ಟೆಂಪರ್ಡ್ ಗಾಜು ಅಗ್ಗಕ್ಕೆ ಮಾಡಿಸಿ ಕೊಡುತ್ತೇನೆಂದ. ಒಲೆಗೆ ಅದು ಆಗದು. ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಬಿಗುವು ಇಳಿಯತೊಡಗುತ್ತದೆ. ಬೇಕಾದದ್ದು ಗ್ಲಾಸ್-ಸೆರಾಮಿಕ್, ಸುಮಾರು 700 ಡಿಗ್ರಿಗೂ ಜಗ್ಗದ ಜಾತಿ. ಅದು ಹುಟ್ಟಿದ್ದು ಇಲ್ಲಿಂದ ದೂರವಲ್ಲದ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನಲ್ಲಿ, 1953ರಲ್ಲಿ, ಒಂದು ಎಡವಟ್ಟಿನಿಂದ. ಡಾನಲ್ಡ್ ಸ್ಟೂಕಿ ಎಂಬ ವಿಜ್ಞಾನಿ 600 ಡಿಗ್ರಿಯಲ್ಲಿ ಕಾಯಬೇಕಿದ್ದ ಗಾಜನ್ನು ಕುಲುಮೆ ಕೆಟ್ಟು 900ಕ್ಕೆ ಕಾಯಿಸಿಬಿಟ್ಟರು. ಕರಗಿ ಹರಿದಿರಬೇಕೆಂದು ತೆಗೆದರೆ ಗಟ್ಟಿಯಾಗಿತ್ತು; ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಒಲೆಯನ್ನು ಕಾಯಿಸುವುದರಲ್ಲಿ ಎಡವಿದರೆ ಕೆಲವರಿಗೆ ಕೀರ್ತಿ ಬರುತ್ತದೆ, ಕೆಲವರಿಗೆ ಬಿಲ್ಲು ಬರುತ್ತದೆ.

ಇದಕ್ಕೂ ಮೊದಲು ಒಲೆಗಳ ಕಿಟಕಿಗೆ ಅಭ್ರಕದ ಹಾಳೆ ಹಾಕುತ್ತಿದ್ದರೆಂದು ಅಜ್ಜ ಹೇಳಿದರು. ಅಭ್ರಕ, ನಮ್ಮ ಕಾಗೆಬಂಗಾರ! ಶಾಲೆಯ ದಾರಿಯಲ್ಲಿ ಹೆಕ್ಕಿ ಜೇಬಿಗೆ ತುಂಬಿ, ಮನೆಯಲ್ಲಿ ಬೈಸಿಕೊಂಡು ಬಿಸಾಡಿದ್ದೆಷ್ಟೋ. ಅದಕ್ಕೆ ಇಲ್ಲೊಂದು ಬಾಳು ಇತ್ತೆಂದು ಆಗ ಯಾರಿಗೆ ಗೊತ್ತಿತ್ತು.

ಗಾಜು ಹಾಕುವುದು ಹತ್ತು ನಿಮಿಷದ ಕೆಲಸ. ಹಳೇ ಸ್ಕ್ರೂ ಬಿಚ್ಚಲು ಎರಡು ದಿನ. ಎಣ್ಣೆ ಬಿಟ್ಟೆ, ಕಾಯಿಸಿದೆ, ತಟ್ಟಿದೆ, ಅಚ್ಚ ಕನ್ನಡದಲ್ಲಿ ಬೈದೆ. ಆರರಲ್ಲಿ ಐದು ಬಂದವು. ಆರನೆಯದು ತಲೆ ಕೊಟ್ಟಿತು, ಮೈ ಕೊಡಲಿಲ್ಲ. ಅದನ್ನು ಕೊರೆದು ತೆಗೆದು, ಹೊಸ ನಾರುಪಟ್ಟಿ ಸುತ್ತಿ, ಸುತ್ತಲೂ ಒಂದು ಕೂದಲಿನಷ್ಟಲ್ಲ, ಒಂದು ಅಕ್ಕಿ ಕಾಳಿನಷ್ಟು ಸಂದು ಬಿಟ್ಟು, ಸ್ಕ್ರೂಗಳನ್ನು ಎರಡೇ ಬೆರಳಲ್ಲಿ ತಿರುಗಿಸಿದೆ. ತುಸು ಜೇನುಬಣ್ಣದ ಹೊಸ ಗಾಜು. ಬೆಂಕಿಗೆ ಕನ್ನಡಕ ಹಾಕಿದಂತಿತ್ತು.

ರಾತ್ರಿ ಒಂಬತ್ತಕ್ಕೆ ನೀಲಿ ಜ್ವಾಲೆ ಎದ್ದಿತು. ಊರಿನಲ್ಲಿ ಆಗ ಬೆಳಿಗ್ಗೆ ಏಳೂವರೆ. ಅಮ್ಮನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಒಲೆಯತ್ತ ಹಿಡಿದೆ.

“ಏನೂ ಕಾಣ್ತಿಲ್ಲ ಕಣೋ, ಬರೀ ಮಂಜು.”

ಎದೆ ಧಸಕ್ಕೆಂದಿತು. ಒದ್ದೆ ಬಟ್ಟೆ ಹುಡುಕಿಕೊಂಡು ಕಾದ ಗಾಜಿನತ್ತ ನುಗ್ಗಿದೆ. ನನ್ನಾಕೆ ಅಡ್ಡ ಬಂದು, ಫೋನು ಕಸಿದು, ಅದರ ಬೆನ್ನನ್ನು ಸ್ವೆಟರಿನ ತುದಿಯಿಂದ ಒರೆಸಿದಳು. ಕ್ಯಾಮೆರಾದ ಮೇಲೆ ನನ್ನ ಹೆಬ್ಬೆಟ್ಟಿನ ಬೂದಿ ಮುದ್ರೆಯಿತ್ತು.

“ಹಾಂ, ಈಗ ಕಾಣ್ತು” ಎಂದಳು ಅಮ್ಮ. ಸ್ವಲ್ಪ ಹೊತ್ತು ಮಾತಿಲ್ಲ. ಮೆಚ್ಚಿದಳೆಂದುಕೊಂಡೆ.

“ನೀಲಿ ಬೆಂಕಿ! ಇದನ್ನ ನೋಡಕ್ಕಾ ಎರಡು ದಿನ ಒದ್ದಾಡಿದ್ದು? ತಡಿ.”

ಫೋನು ಅಡುಗೆಮನೆಗೆ ನಡೆಯಿತು. ಟಪ್ ಎಂದು ಗ್ಯಾಸ್ ಒಲೆ ಹೊತ್ತಿತು. ತೆರೆಯ ತುಂಬ ದುಂಡಗೆ, ನಿರಾಯಾಸವಾಗಿ, ಗಾಜಿಲ್ಲದೆ ಉರಿಯುವ ನೀಲಿ ಜ್ವಾಲೆ.

“ನೋಡ್ಕೋ ಎಷ್ಟು ಬೇಕೋ ಅಷ್ಟು” ಎಂದು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಅಮ್ಮ ಹಾಲಿನ ಪಾತ್ರೆ ತರಲು ಹೋದಳು.