ಮೂರನೇ ವರ್ಷ ಯಾವಾಗ ಬರುತ್ತೆ?

ನಮ್ಮ ಸಭೆಯವರ ಬೈಬಲ್ಲುಗಳಿಗೆ ಒಂದು ವಿಶೇಷ ಗುಣವಿದೆ. ಕೈತಪ್ಪಿ ಕೆಳಗೆ ಬಿದ್ದರೂ ಮಲಾಕಿಯ ಮೂರನೇ ಅಧ್ಯಾಯಕ್ಕೇ ತೆರೆದುಕೊಂಡು ಬೀಳುತ್ತವೆ. ಹತ್ತರಲ್ಲೊಂದು ಪಾಲನ್ನು ಬೊಕ್ಕಸಕ್ಕೆ ತನ್ನಿ, ಆಮೇಲೆ ಆಕಾಶದಿಂದ ಆಶೀರ್ವಾದ ಹೇಗೆ ಸುರಿಯುತ್ತದೆ ನೋಡಿ ಎನ್ನುವ ಪುಟ ಅದು. ಪ್ರತಿ ಮಾರ್ಚ್‌ನಲ್ಲೂ ಅದನ್ನೇ ಬಿಚ್ಚಿ ಬಿಚ್ಚಿ ಹೊಲಿಗೆ ಅಲ್ಲಿಗೇ ಸಡಿಲವಾಗಿದೆ. ಆಕಾಶ ತೆರೆಯಿತೋ ಇಲ್ಲವೋ, ಹೊಲಿಗೆಯಂತೂ ತೆರೆದಿದೆ.

ದಶಮಾಂಶಕ್ಕೆ ನಮ್ಮಲ್ಲಿ ಕವರ್ ಇದೆ. ಅದರ ಮೇಲೆ ಹೆಸರು, ಕುಟುಂಬದ ನಂಬರು, ತಿಂಗಳು, ಮೊತ್ತ ಬರೆಯಬೇಕು. ಕೊಟ್ಟವರ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಬರುತ್ತದೆ. ಕೊಡದವರದ್ದು ಅದಕ್ಕಿಂತ ದಪ್ಪ ಅಕ್ಷರದಲ್ಲಿ. ಮಗಳ ಮದುವೆಯ ಪ್ರಕಟಣೆ ಓದಿಸಲಿಕ್ಕೂ, ಅಪ್ಪನ ಸಮಾಧಿಗೆ ಜಾಗ ಕೇಳಲಿಕ್ಕೂ ಮೊದಲು ಹಳೇ ಬಾಕಿ ಚುಕ್ತಾ ಆಗಬೇಕು. ಪರಲೋಕಕ್ಕೆ ಹೋಗಲು ಕೃಪೆ ಸಾಕು; ಆರಡಿ ನೆಲಕ್ಕೆ ಮಾತ್ರ ನೋ ಡ್ಯೂ ಸರ್ಟಿಫಿಕೇಟ್ ಬೇಕು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಉಪದೇಶವನ್ನು ನಾವು ಮರೆತಿಲ್ಲ. ಅದಕ್ಕೇ ದಾನಿಗಳ ಹೆಸರನ್ನು ಫ್ಯಾನಿನ ರೆಕ್ಕೆಗಳ ಮೇಲೆ ಬರೆಸಿದ್ದೇವೆ. ಫ್ಯಾನ್ ತಿರುಗುವಾಗ ಯಾರ ಹೆಸರೂ ಕಾಣದು, ದಾನ ಗುಪ್ತವಾಗಿರುತ್ತದೆ. ಕರೆಂಟು ಹೋದಾಗ ಇಡೀ ಸಭೆ ಬೆವರೊರೆಸಿಕೊಳ್ಳುತ್ತ ತಲೆಯೆತ್ತಿ ಓದುತ್ತದೆ.

ಕೊಡುವವರೂ ಸಾಮಾನ್ಯರಲ್ಲ. ತರಕಾರಿ ಅಂಗಡಿಯವನು ಒಲ್ಲೆನೆಂದ, ಸೆಲ್ಲೋಟೇಪ್ ಹಚ್ಚಿದ ಇಪ್ಪತ್ತರ ನೋಟನ್ನು ನಾನೇ ಕಾಣಿಕೆ ಚೀಲದೊಳಗೆ ಮಡಚಿ ಹಾಕಿದ್ದೇನೆ. ಮಖಮಲ್ಲಿನ ಚೀಲ, ಸದ್ದು ಮಾಡುವುದಿಲ್ಲ. ಅದೇ ಮಲಾಕಿಯ ಮೊದಲನೇ ಅಧ್ಯಾಯದಲ್ಲಿ ಕುಂಟು ಕುರಿ, ಕುರುಡು ಕುರಿ ತಂದು ಬಲಿ ಕೊಡುವವರನ್ನೂ ಅದನ್ನು ಸ್ವೀಕರಿಸುವ ಯಾಜಕರನ್ನೂ ಪ್ರವಾದಿ ಝಾಡಿಸುತ್ತಾನೆ. ಅಂಥದ್ದನ್ನು ನಿಮ್ಮ ಅಧಿಪತಿಗೆ ಕೊಟ್ಟು ನೋಡಿ, ಒಪ್ಪುತ್ತಾನೋ ಎಂದು ಹಂಗಿಸುತ್ತಾನೆ. ನನ್ನ ನೋಟನ್ನು ತಾಲ್ಲೂಕು ಕಚೇರಿಯಲ್ಲಿ ಯಾರಿಗಾದರೂ ಕೊಟ್ಟಿದ್ದರೆ ಮುಖಕ್ಕೇ ಎಸೆಯುತ್ತಿದ್ದರು. ಆದರೆ ಮೊದಲನೇ ಅಧ್ಯಾಯದ ಮೇಲೆ ಪ್ರಸಂಗವಾದದ್ದನ್ನು ನಾನು ಕೇಳಿಲ್ಲ. ಅಲ್ಲಿ ಯಾಜಕರಿಗೂ ಏಟು ಬೀಳುತ್ತದಲ್ಲ!

ಎಲ್ಲ ನೆಮ್ಮದಿಯಾಗಿಯೇ ನಡೆದಿತ್ತು, ಬುಧವಾರದ ಮನೆಪ್ರಾರ್ಥನೆಯಲ್ಲಿ ನಮ್ಮ ಟೀಚರಮ್ಮ ಬಾಯಿ ತೆರೆಯುವ ತನಕ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತು ದಾಟಿದೆ.

"ಅಯ್ಯನೋರೇ, ಇದು ಎಷ್ಟನೇ ವರ್ಷ?"

ನಮ್ಮ ಪಾದ್ರಿ ಅಯ್ಯನವರು ಕ್ಯಾಲೆಂಡರ್ ನೋಡಿದರು.

"ಆ ವರ್ಷ ಅಲ್ಲ. ಧರ್ಮೋಪದೇಶಕಾಂಡ ಹದಿನಾಲ್ಕು ತೆಗೀರಿ."

ತೆಗೆದರು. ಹೊಸ ಬೈಬಲ್ಲಿನ ಪುಟಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿ ಬರೆದದ್ದು ಇಷ್ಟು: ಧಾನ್ಯ, ದ್ರಾಕ್ಷಾರಸ, ಎಣ್ಣೆಗಳ ದಶಮಾಂಶವನ್ನು ದೇವರ ಸನ್ನಿಧಿಗೆ ಒಯ್ದು, ಮನೆಮಂದಿಯೆಲ್ಲ ಕೂತು ಊಟ ಮಾಡಬೇಕು. ದಾರಿ ದೂರವಾದರೆ ಮಾರಿ ಹಣ ಮಾಡಿಕೊಂಡು ಹೋಗಿ, ಅಲ್ಲಿ ದನವೋ ಕುರಿಯೋ ಮದ್ಯವೋ, ಮನಸ್ಸು ಬಯಸಿದ್ದನ್ನು ಕೊಂಡು ಸಂತೋಷಪಡಬೇಕು. ಊರಿನ ಲೇವಿಯನನ್ನು, ಅಂದರೆ ದೇವರ ಸೇವೆಗೆ ಮೀಸಲಾದ ಕುಲದವನನ್ನು, ಮರೆಯಬಾರದು. ಮೂರನೇ ವರ್ಷದ ದಶಮಾಂಶ ಮಾತ್ರ ಊರಲ್ಲೇ ಉಳಿಯಬೇಕು. ಅದನ್ನು ಲೇವಿಯ, ಪರದೇಶಿ, ಅನಾಥ, ವಿಧವೆ ಹೊಟ್ಟೆತುಂಬ ಉಣ್ಣಬೇಕು.

ಮದ್ಯದ ಸಾಲಿಗೆ ಬಂದಾಗ ಅಯ್ಯನವರಿಗೆ ಕೆಮ್ಮು ಬಂತು. ಹಿಂದಿನ ಸಾಲಿನ ಇಬ್ಬರಿಗೆ ಮೊದಲ ಬಾರಿ ದಶಮಾಂಶದಲ್ಲಿ ಆಸಕ್ತಿ ಹುಟ್ಟಿತು.

"ನಾನು ಈ ಸಭೆಗೆ ಸೊಸೆಯಾಗಿ ಬಂದು ಐವತ್ತು ವರ್ಷ ಆಯ್ತು," ಅಂದರು ಟೀಚರಮ್ಮ. "ಐವತ್ತನ್ನ ಮೂರರಿಂದ ಭಾಗಿಸಿದರೆ ಹದಿನಾರು ಸಲ ಮೂರನೇ ವರ್ಷ ಬರಬೇಕಿತ್ತು. ಒಂದೂ ಬರಲಿಲ್ಲವಲ್ಲ?"

"ಅದು ಹಳೇ ಒಡಂಬಡಿಕೆಯ ಮಾತು, ಅಮ್ಮಾ. ನಾವೀಗ ಕೃಪೆಯ ಕಾಲದಲ್ಲಿದ್ದೇವೆ."

"ಹಾಗಾದ್ರೆ ಮಲಾಕಿಯ ಯಾವ ಒಡಂಬಡಿಕೆ?"

ಅಷ್ಟರಲ್ಲಿ ಟೀ ಬಂತು.

ಪಾಪ, ಅಯ್ಯನವರದ್ದೇ ತಪ್ಪೆನ್ನಲಾಗದು. ಮೂರನೇ ವರ್ಷ ದಾರಿ ತಪ್ಪಿ ಬಹಳ ಕಾಲವಾಯಿತು. 585ರಲ್ಲಿ ಫ್ರಾನ್ಸಿನ ಮಾಕೋನ್‌ನಲ್ಲಿ ಸೇರಿದ ಬಿಷಪ್ಪರ ಸಭೆ, ದಶಮಾಂಶ ಕೊಡದವರನ್ನು ಸಭೆಯಿಂದ ಹೊರಗಿಡಿ ಎಂದಿತು. 779ರಲ್ಲಿ ಶಾರ್ಲ್‌ಮೇನ್ ದೊರೆ ಅದನ್ನು ರಾಜಾಜ್ಞೆಯನ್ನಾಗಿಸಿದ. ಬಡವರಿಗೂ ಒಂದು ಪಾಲೆಂದು ಹಳೆಯ ನಿಯಮಗಳಲ್ಲಿ ಇತ್ತು, ನಿಯಮಗಳಲ್ಲೇ ಉಳಿಯಿತು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿದ ಮೇಲೆ ಎಷ್ಟೋ ಊರುಗಳ ದಶಮಾಂಶ ಜಮೀನ್ದಾರರ ಜೇಬಿಗೇ ಹೋಯಿತು. 1836ರ ಕಾಯಿದೆ ಎಲ್ಲವನ್ನೂ ಹಣದ ಲೆಕ್ಕಕ್ಕೆ ತರುವ ತನಕ ಅಲ್ಲಿನ ರೈತ ಹತ್ತನೇ ಸಿವುಡನ್ನೂ ಹತ್ತನೇ ಹಂದಿಮರಿಯನ್ನೂ ಎಣಿಸಿ ಕೊಡಬೇಕಿತ್ತು. ವಿಧವೆಯ ಪಾಲಿಗೆಂದು ಹೊರಟ ಗಾಡಿ ದೊರೆಯ ಕಣಜಕ್ಕೆ ಹೋಗಿ ನಿಂತಿತು.

ಅದೇ ಬೈಬಲ್ಲಿನಲ್ಲಿ ಲೇವಿಯರೂ ತಮಗೆ ಬಂದ ದಶಮಾಂಶದಲ್ಲಿ ಹತ್ತರಲ್ಲೊಂದು ಕೊಡಬೇಕೆಂದಿದೆ, ಅರಣ್ಯಕಾಂಡ ಹದಿನೆಂಟರಲ್ಲಿ. ಆ ಪುಟ ಅಂಟಿಕೊಂಡಿಲ್ಲ. ಅದನ್ನು ಗೆದ್ದಲು ತಿಂದಿರಬೇಕು.

ಬಡ ವಿಧವೆ ಮಾತ್ರ ನಮಗೆ ತುಂಬ ಬೇಕಾದವಳು. ಕಟ್ಟಡ ನಿಧಿಯ ಪ್ರಸಂಗದಲ್ಲೆಲ್ಲ ಅವಳು ಬಂದು ಎರಡು ಕಾಸು ಹಾಕಿ ಹೋಗುತ್ತಾಳೆ. ಮಾರ್ಕನ ಸುವಾರ್ತೆಯಲ್ಲಿ ಅವಳು ಬರುವ ಮುಂಚೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಯೇಸು ಎಚ್ಚರಿಸುತ್ತಾನೆ. ಅವಳು ಹೋದ ಮೇಲೆ, ಈ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದು ಎನ್ನುತ್ತಾನೆ. ಹಿಂದಿನದ್ದನ್ನೂ ಮುಂದಿನದ್ದನ್ನೂ ಬಿಟ್ಟು ನಡುವಿನ ಎರಡು ಕಾಸನ್ನಷ್ಟೇ ನಾವು ಹೆಕ್ಕಿಕೊಂಡಿದ್ದೇವೆ.

ಸುಗ್ಗಿಹಬ್ಬದ ಹರಾಜಿನಲ್ಲಿ ಮೊದಲ ಮೊಟ್ಟೆ ಐನೂರಕ್ಕೆ ಹೋಯಿತು. ಕೂಗಿದ ಕಂಟ್ರಾಕ್ಟರು ಅದನ್ನು ಸಭೆಗೇ ವಾಪಸು ಕೊಟ್ಟರು, ಮತ್ತೆ ಹರಾಜಾಯಿತು, ಚಪ್ಪಾಳೆ ಬಿತ್ತು. ಆ ಮೊಟ್ಟೆ ತಂದವಳು ಮೂರು ಕೋಳಿ ಸಾಕಿಕೊಂಡು ಬದುಕುವ ವಿಧವೆ. ಅವಳ ಮಗನ ಪರೀಕ್ಷೆ ಫೀಸು ಕಟ್ಟಲು ಎರಡು ದಿನ ಉಳಿದಿತ್ತು. ಮೈಕಿನಲ್ಲಿ ಕೂಗಿದ್ದು ಕಂಟ್ರಾಕ್ಟರ ಹೆಸರನ್ನು.

ವಾರ್ಷಿಕ ಸಭೆಯಲ್ಲಿ ಲೆಕ್ಕ ಪೈಸೆಗೆ ಪೈಸೆ ತಾಳೆಯಾಯಿತು. ಜೀರಿಗೆಯಲ್ಲೂ ಹತ್ತರಲ್ಲೊಂದು ಎಣಿಸುತ್ತಿದ್ದ ಫರಿಸಾಯರು ಇದ್ದಿದ್ದರೆ ನಮ್ಮ ಖಜಾಂಚಿಯ ಬೆನ್ನು ತಟ್ಟುತ್ತಿದ್ದರು. ಕಾಂಪೌಂಡು, ಎಸಿ, ಹೊಸ ಸೌಂಡ್ ಸಿಸ್ಟಮ್. ಕೊನೆಗೆ ಸಣ್ಣ ಅಕ್ಷರದಲ್ಲಿ ಬಡವರ ನಿಧಿ. ಟೀಚರಮ್ಮ ಕೀರ್ತನೆ ಪುಸ್ತಕದ ರಟ್ಟಿನ ಮೇಲೆ ಭಾಗಾಕಾರ ಮಾಡಿದರು. ಶೇಕಡಾ ಎಷ್ಟೆಂದು ಪಕ್ಕದಲ್ಲಿದ್ದ ನನಗೂ ಹೇಳಲಿಲ್ಲ.

ಮುಂದಿನ ಭಾನುವಾರ ಅವರ ಕವರ್ ಚೀಲದೊಳಗೆ ಬಿತ್ತು. ತಿಂಗಳ ಜಾಗದಲ್ಲಿ 'ಮೂರನೇ ವರ್ಷ' ಎಂದು ದುಂಡಗೆ ಬರೆದಿದ್ದರು. ಒಳಗೆ ದುಡ್ಡಿರಲಿಲ್ಲ. ಆ ಹುಡುಗನ ಪರೀಕ್ಷೆ ಫೀಸಿನ ರಸೀದಿ ಇತ್ತು.

ಖಜಾಂಚಿ ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಯಾವ ಕಾಲಮ್ಮಿಗೂ ಅದು ಹೊಂದಲಿಲ್ಲ. ಈಗ ನೋಟಿಸ್ ಬೋರ್ಡಿನಲ್ಲಿ, ದಪ್ಪ ಅಕ್ಷರದ ಪಟ್ಟಿಯಲ್ಲಿ, ಟೀಚರಮ್ಮನ ಹೆಸರಿನ ಮುಂದೆ 'ಬಾಕಿ' ಎಂದಿದೆ. ಅವರು ಕನ್ನಡಕ ಏರಿಸಿ ಅದನ್ನು ಓದಿ, ನನ್ನ ಕಡೆ ತಿರುಗಿ ಕೇಳಿದರು:

"ಆರಡಿ ನೆಲಕ್ಕೆ ಈಗ ರೇಟು ಎಷ್ಟಪ್ಪಾ?"